ಜೋಳದ ಮುಂದೆ ಮಾತಾಡದ ಮಕ್ಕಳು

ಹೋದ ತಿಂಗಳು ಯಲಬುರ್ಗಾಕ್ಕೆ ಹೋಗಿದ್ದೆ. ಹೊಸದಾಗಿ ಮಾಸ್ತರಿಕೆಗೆ ಸೇರಿದ ಹುಡುಗ ಹುಡುಗಿಯರಿಗೆ ಎರಡು ಮಾತು ಹೇಳಿ ಎಂದು ಕರೆದಿದ್ದರು. ನಿವೃತ್ತನಾದ ಮೇಲೆ ಇಂಥ ಕರೆ ಬಂದರೆ ನಾನು ಇಲ್ಲ ಅನ್ನುವವನಲ್ಲ. ಮಾತು ಮುಗಿದ ಮೇಲೆ ಒಬ್ಬಳು ಎದ್ದು ನಿಂತಳು. "ಸರ್, ಮನಸ್ಸಿನ ಬಗ್ಗೆ ತಿಳಕೊಳ್ಳಾಕ ಇಷ್ಟೆಲ್ಲಾ ಪದ್ಧತಿ ಅದಾವಲ್ರಿ, ಅವಲೋಕನ, ಸಂದರ್ಶನ, ಪ್ರಶ್ನಾವಳಿ, ಪ್ರಯೋಗ ಅಂತ. ಇದ್ರಾಗ ಛಲೋದು ಯಾವುದ್ರಿ? ಒಂದು ಹೇಳಿಬಿಡ್ರಿ, ಪರೀಕ್ಷಾದಾಗ ಬರಿಯಾಕ ಬರ್ತೈತಿ," ಅಂದಳು. ಎಲ್ಲರೂ ನಕ್ಕರು. ನಾನು ಪುಸ್ತಕದ ಉತ್ತರ ಹೇಳಿ ತಪ್ಪಿಸಿಕೊಂಡೆ.

ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ರಸ್ತೆಯ ಮೇಲೆ ಯಾರೋ ಜೋಳದ ತೆನೆ ಹರವಿದ್ದರು. ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾಯ್ದು ಹೋಗುತ್ತಿದ್ದವು. ಕಣದ ಕೆಲಸವನ್ನೂ ಈಗ ಡಾಂಬರು ರಸ್ತೆಗೆ ಒಪ್ಪಿಸಿಬಿಟ್ಟಿದ್ದಾರೆ. ಗಾಳಿಗೆ ಎದ್ದ ಹೊಟ್ಟು ಮೂಗಿಗೆ ಬಡಿಯಿತು. ಕೊರಳೊಳಗೆ ಇಳಿದು ಕೆಮ್ಮಿಸುವ, ಆದರೂ ಹಸಿ ಹಿಟ್ಟಿನಂಥ ಸಿಹಿ ಇರುವ ಆ ವಾಸನೆ. ಆ ಹುಡುಗಿಗೆ ಹೇಳಬೇಕಾಗಿದ್ದ ಉತ್ತರ ಅಲ್ಲಿ ನೆನಪಾಯಿತು. ಅದು ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಒಂದು ಸುಗ್ಗಿಯಷ್ಟು ಉದ್ದದ್ದು.

ಯುದ್ಧದ ವರ್ಷಗಳು. ನಮ್ಮ ಕಡೆ ನಿಜಾಮರ ಆಳ್ವಿಕೆ. ಸೀಮೆಎಣ್ಣೆ ಸಿಕ್ಕರೆ ಪುಣ್ಯ, ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಲಿ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ನಾನು ಕುಷ್ಟಗಿ ಕಡೆಯ ಕುರುಬರ ಹುಡುಗ, ಬೀರಪ್ಪ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೆಬ್ಬೆಟ್ಟು ಬಿಟ್ಟು ಬೇರೆ ಸಹಿ ಮಾಡಿದವರಿಲ್ಲ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಹೈದರಾಬಾದಿನ ಕಾಲೇಜಿನಲ್ಲಿ ಉರ್ದುವಿನ ಸಂಗಡ ಇಂಗ್ಲಿಷು. ಒಂದೊಂದು ಮೆಟ್ಟಿಲಿಗೆ ಒಂದೊಂದು ಭಾಷೆ ಕಲಿತು ಹತ್ತಿದವನು ನಾನು. ಯಾರ ಶಿಫಾರಸ್ಸೂ ಇರಲಿಲ್ಲ. ಬಿ.ಎ. ಪಾಸಾದ ಸುದ್ದಿ ಅಪ್ಪನಿಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ, ಅವನು ಕುರಿ ಹೊಡೆದುಕೊಂಡು ಗಂಗಾವತಿ ಕಡೆ ಹೋಗಿದ್ದಾಗ. ಅವನು ಕೇಳಿದ್ದು ಒಂದೇ ಮಾತಂತೆ: "ಇನ್ನ ಓದೂದು ಉಳದಿಲ್ಲೇನು?"

ಉಳಿದಿತ್ತು. ಎಂ.ಎ.ಗೆ ಮನಶ್ಶಾಸ್ತ್ರ ಹಿಡಿದೆ. ನಮ್ಮ ಪ್ರೊಫೆಸರ್ ಸಾಹೇಬರು ಬಿಗಿ ಮನುಷ್ಯ, ಶೇರ್ವಾನಿಯ ಗುಂಡಿ ಒಂದು ದಿನ ಬಿಚ್ಚಿದ್ದು ಕಂಡಿಲ್ಲ. ಮೇಲಿನವರು ಅವರಿಗೊಂದು ಕೆಲಸ ಒಪ್ಪಿಸಿದ್ದರು. ಹಳ್ಳಿಗಳ ಸಾಲಿಗಳೆಲ್ಲ ಎರಡನೆಯ ಇಯತ್ತೆಗೆ, ಅಂದರೆ ತರಗತಿಗೆ, ನಿಲ್ಲುತ್ತಿದ್ದವು. ಮೂರು ನಾಲ್ಕಕ್ಕೆ ಬೆಳೆಸಿದರೆ ಆ ಮಕ್ಕಳಿಗೆ ಅದು ದಕ್ಕುತ್ತದೆಯೋ ಇಲ್ಲವೋ, ಅವರ ಬುದ್ಧಿ ಎಷ್ಟರದು ಎಂದು ನೋಡಿ ವರದಿ ಕೊಡಬೇಕು. ಪ್ರೊಫೆಸರ್ ಸಾಹೇಬರು ನನ್ನನ್ನು ಕರೆದು ಹೇಳಿದರು: "ಬೀರಪ್ಪ, ನಿನ್ನ ಸೀಮೆ. ನಿನ್ನ ಭಾಷೆ. ನೀನೇ ಹೋಗು. ಇದೇ ನಿನ್ನ ಪ್ರಬಂಧವೂ ಆಗಲಿ." ಅವರು ಹೇಳಿದ್ದೆಲ್ಲ ಉರ್ದುವಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಿಂಗಾರಿ ಜೋಳ ಕೊಯ್ಲಿಗೆ ಬಂದ ಹೊತ್ತಿಗೆ ಯಲಬುರ್ಗಾದಿಂದ ಎರಡು ತಾಸಿನ ಹಾದಿಯ ಒಂದು ಎರೆ ಭೂಮಿಯ ಊರಿಗೆ ಬಂದಿಳಿದೆ. ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ಬಿರುಕು ಬಿಟ್ಟ ಕರಿ ನೆಲದ ಮೇಲೆ ಕಣ್ಣು ಹಾಯುವ ತನಕ ಜೋಳ. ಸಾಲಿ ಅಂದರೆ ಗುಡಿಯ ಪಕ್ಕದ ಒಂದು ಪಡಸಾಲೆ. ಮಾಸ್ತರು ಒಬ್ಬರೇ, ಖಾಸೀಂ ಮಾಸ್ತರು. ಉರ್ದುವಿನ ಪಾಠವನ್ನು ಕನ್ನಡದಲ್ಲಿ ತಿಳಿಸಿ ಹೇಳಿ ಮತ್ತೆ ಉರ್ದುವಿಗೆ ಒಯ್ಯುತ್ತಿದ್ದ ಮನುಷ್ಯ. ನನ್ನ ಪ್ಯಾಂಟು ಕೋಟು ನೋಡಿ ಎದ್ದು ನಿಂತು ಸಲಾಂ ಮಾಡಿದರು. ನಾನು ಬಂದ ಕಾರಣ ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು.

"ಅಂದ್ರ ನೀವು ದಡ್ಡರು ಅಂತ ಬರದ್ರ ನನ್ನ ಸಾಲಿ ಇಲ್ಲಿಗೇ ಮುಗೀತು?"

"ಇದ್ದದ್ದನ್ನ ಬರೀತೀನ್ರಿ ಮಾಸ್ತರ."

"ಇದ್ದದ್ದು ಕಾಣ್ಬೇಕಲ್ರಿ ಮೊದಲ," ಅಂದರು ಅವರು. ಆ ಮಾತು ನನಗೆ ಆಗ ನಾಟಲಿಲ್ಲ. ಅವರಿಗೆ ಓದು ಕಡಿಮೆ, ನಾನು ಪದವೀಧರ.

ಮೊದಲ ಕೆಲಸ ಪ್ರಶ್ನೆಗಳ ಹಾಳೆ. ಹೈದರಾಬಾದಿನಲ್ಲಿ ಅಚ್ಚಾದದ್ದು, ನಾನು ಕನ್ನಡಕ್ಕೆ ಇಳಿಸಿದ್ದೆ. ಮನೆ ಮನೆಗೆ ಹೋಗಿ ತಂದೆ ತಾಯಿಯನ್ನು ಕೇಳುವುದು. ಆ ವರ್ಷ ಸರಕಾರ ರೈತರಿಂದ ಲೆವಿ ಅಂತ ಕಾಳು ಎತ್ತುತ್ತಿತ್ತು. ಕೈಯಲ್ಲಿ ಕಾಗದ ಹಿಡಿದು ಅಂಗಳದಲ್ಲಿ ನಿಂತವನು ಇನ್ಯಾರಿದ್ದಾನು?

"ನಿಮ್ಮ ಮಗ ಹೇಳಿದ್ದನ್ನ ನೆನಪಿಟ್ಕೊಂತಾನೇನ್ರಿ?" ಅಂತ ಕೇಳಿದೆ.

"ನಮ್ಮ ಮನ್ಯಾಗ ಏನೂ ಇಲ್ರೀ ಸಾಹೇಬ್ರ. ಬೀಜಕ್ಕ ಅಷ್ಟ ಐತ್ರಿ," ಅಂದ ಮನೆಯ ಯಜಮಾನ.

ಮೂರು ಓಣಿ ಹೀಗೇ ಆಯಿತು. ಮಕ್ಕಳೆಷ್ಟು ಅಂದರೂ ಕಡಿಮೆ ಮಾಡಿ ಹೇಳಿದರು, ಬಾಯಿಗಳ ಲೆಕ್ಕದಲ್ಲೂ ಏನೋ ಕುತ್ತು ಇದೆ ಎಂದು. ಮರುದಿನ ಖಾಸೀಂ ಮಾಸ್ತರು ಸಂಗಡ ಬಂದು, "ಇವ್ರು ಲೆವಿಯವ್ರಲ್ಲ, ಸಾಲಿಯವ್ರು," ಅಂತ ಡಂಗುರ ಹೊಡೆದಂತೆ ಹೇಳಿದರು. ಆಮೇಲೆ ಇನ್ನೊಂದು ತಮಾಷೆ. "ಹುಡುಗ ಸುಳ್ಳು ಹೇಳ್ತಾನೇನ್ರಿ?" ಅಂದರೆ "ಹೌದ್ರಿ". "ಯಾವಾಗ್ಲೂ ಖರೇ ಹೇಳ್ತಾನೇನ್ರಿ?" ಅಂದರೂ "ಹೌದ್ರಿ, ತಾವು ಅಂದಂಗ್ರಿ". ಮನೆಗೆ ಬಂದ ದೊಡ್ಡ ಮನುಷ್ಯನಿಗೆ ಇಲ್ಲ ಅನ್ನುವುದು ಅವರಿಗೆ ಅಪಮಾನ ಮಾಡಿದಂತೆ.

ಹಾಳೆಯನ್ನು ನಾನು ಹಳಿಯುವುದಿಲ್ಲ. ಎಷ್ಟು ಮನೆ, ಎಷ್ಟು ಮಕ್ಕಳು, ಯಾರು ಸಾಲಿಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಮೂರು ದಿನದಲ್ಲಿ ಇಡೀ ಊರು ಸುತ್ತಿ ತಿಳಿದುಕೊಳ್ಳಲು ಕಾಗದದಂಥ ಕುದುರೆ ಇನ್ನೊಂದಿಲ್ಲ. ಆದರೆ ಜನ ಉತ್ತರ ಕೊಡುವುದು ಪ್ರಶ್ನೆಗಲ್ಲ, ಪ್ರಶ್ನೆ ಕೇಳುವವನಿಗೆ. ಕುದುರೆ ಓಡುತ್ತದೆ, ಇಳಿದು ನೋಡುವುದಿಲ್ಲ.

ಇಳಿದು ನೋಡೋಣ ಎಂದು ಒಂದು ಮನೆ ಆರಿಸಿಕೊಂಡೆ. ಈರವ್ವ ಎಂಬ ಮುದುಕಿಯದು. ಅವಳ ಮಗ ಒಕ್ಕಲುತನ ಮಾಡುತ್ತಿದ್ದ, ಮೊಮ್ಮಗಳು ದ್ಯಾಮವ್ವ ಸಾಲಿಗೆ ಬರುತ್ತಿದ್ದಳು. ಒಂಬತ್ತೋ ಹತ್ತೋ ವರ್ಷದವಳು. ಖಾಸೀಂ ಮಾಸ್ತರು ಮುದುಕಿಯ ಕಾಲು ಹಿಡಿದು ಅವಳನ್ನು ಸಾಲಿಗೆ ಕರೆತಂದಿದ್ದರಂತೆ. ನಾನು ಹಾಳೆ ಮಡಚಿ ಕಿಸೆಯಲ್ಲಿಟ್ಟು ಸುಮ್ಮನೆ ಮಾತಿಗೆ ಕೂತೆ. ಪ್ರಶ್ನೆ ಕೇಳಿದವಳು ಮುದುಕಿಯೇ.

"ಯಾವೂರಾಂವಪಾ ನೀನು?"

"ಕುಷ್ಟಗಿ ಕಡೆ, ಆಯಿ."

"ಯಾರ ಪೈಕಿ?"

"ಕುರುಬರು."

"ಕುರುಬರಾಂವಾ?" ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಂಬಳಿ ಎಲ್ಲಿ ಐತಿ? ಈ ಕೋಟಿನಾಗ ನಿಮ್ಮ ಕುರಿ ನಿನ್ನ ಗುರ್ತ ಹಿಡಿತಾವೇನು?"

ಒಳಗಿನಿಂದ ದ್ಯಾಮವ್ವ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಆಮೇಲೆ ಮುದುಕಿ ತೆರೆದುಕೊಂಡಳು. ಮೊಮ್ಮಗಳು ಯಾವ ಆಕಳು ಯಾವತ್ತು ಕರು ಹಾಕಿತು ಅನ್ನುವುದನ್ನು ಹೇಳಬಲ್ಲಳು, ಒಮ್ಮೆ ಕೇಳಿದ ಪದ ಮರೆಯುವುದಿಲ್ಲ, ಆದರೆ ಹೊಸಬರ ಮುಂದೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಹಾಳೆಯಲ್ಲಿ ಬರಲಾರದ್ದು ಇಲ್ಲಿ ಸಿಕ್ಕಿತು. ಒಂದು ಮನೆಗೆ ಮೂರು ಮುಂಜಾನೆ ಹಿಡಿಯಿತು ಅನ್ನುವುದೂ ಅಷ್ಟೇ ಖರೆ. ಇನ್ನೊಂದು ಅಪಾಯವೂ ಇತ್ತು. ಈರವ್ವನ ರೊಟ್ಟಿ ಪುಂಡಿಪಲ್ಲೆ ಉಂಡ ಮೇಲೆ ಅವಳ ಮೊಮ್ಮಗಳು ಜಾಣೆ ಅಲ್ಲ ಎಂದು ಬರೆಯಲು ನನ್ನ ಕೈ ಏಳುತ್ತಿರಲಿಲ್ಲ.

ಸಾಲಿಯಲ್ಲಿ ಕೂತು ನೋಡುವುದನ್ನೂ ಮಾಡಿದೆ. ಮೊದಲ ನಾಲ್ಕು ದಿನ ಮಕ್ಕಳು ಗೊಂಬೆಗಳಂತೆ ಕೂತರು. ಖಾಸೀಂ ಮಾಸ್ತರು ದಿನಾ ಒಗೆದ ಅಂಗಿ ಹಾಕಿಕೊಂಡು ಬಂದರು. ಎರಡನೆಯ ವಾರಕ್ಕೆ ನಾನು ಅವರಿಗೆಲ್ಲ ಗೋಡೆಯ ಗೂಟದಷ್ಟೇ ಆದೆ. ಜಗಳ, ಚಿವುಟಾಟ, ಪಿಸುಮಾತು ಎಲ್ಲ ಶುರುವಾಯಿತು. ಅಲ್ಲಿಂದ ನಾನು ಕಂಡದ್ದು ಖರೆ. ಆದರೂ ನನ್ನ ಕಣ್ಣಿನ ಮೇಲೆ ನನಗೆ ಅನುಮಾನ. ಅದಕ್ಕೆ ಒಂದು ದಿನ ನಾನೂ ಮಾಸ್ತರೂ ಒಂದೇ ತಾಸಿನಲ್ಲಿ ಕಂಡದ್ದನ್ನು ಬೇರೆ ಬೇರೆ ಬರೆದು ತಾಳೆ ನೋಡಿದೆವು. ಆ ದಿನ ದ್ಯಾಮವ್ವ ಬಹಳ ಹೊತ್ತು ಹೊರಗೆ ನೋಡುತ್ತ ಕೂತಿದ್ದಳು. ಮಾಸ್ತರು ಬರೆದಿದ್ದರು: ಲಕ್ಷ್ಯವಿಲ್ಲ. ನಾನು ಬರೆದಿದ್ದೆ: ಆಳವಾದ ಯೋಚನೆಯಲ್ಲಿದ್ದಾಳೆ. ಕಡೆಗೆ ಅವಳನ್ನೇ ಕೇಳಿದೆವು.

"ಗಾಳಿ ತಿರಗೇತೇನು ಅಂತ ನೋಡಾಕ ಹತ್ತಿದ್ನಿರಿ. ಗಾಳಿ ಬಿಟ್ರ ಓಡಿಬಂದು ಹೇಳು ಅಂದಾಳ ಆಯಿ. ಕಣದಾಗ ತೂರಬೇಕಲ್ರಿ."

ಇಬ್ಬರ ಮುಖವೂ ನೋಡುವಂತಿತ್ತು. ಅವಳ ಮೈ ಏನು ಮಾಡುತ್ತಿತ್ತು ಎಂಬುದನ್ನು ಇಬ್ಬರೂ ಸರಿಯಾಗಿ ಕಂಡಿದ್ದೆವು. ಯಾಕೆ ಎಂಬುದನ್ನು ಇಬ್ಬರೂ ನಮ್ಮ ನಮ್ಮ ತಲೆಯಿಂದ ತುಂಬಿದ್ದೆವು.

ಕೊನೆಗೆ ಪ್ರಯೋಗ. ಪ್ರೊಫೆಸರ್ ಸಾಹೇಬರಿಗೆ ಉಳಿದದ್ದೆಲ್ಲ ಉಪ್ಪಿನಕಾಯಿ, ಪ್ರಯೋಗವೇ ಊಟ. ಯಾರು ಮಾಡಿದರೂ ಒಂದೇ ರೀತಿ, ಎಲ್ಲ ಮಕ್ಕಳಿಗೂ ಒಂದೇ ಅಳತೆ, ಕೇಳುವವನ ಪ್ರೀತಿ ಸಿಟ್ಟು ನಡುವೆ ಬರದ ಹಾಗೆ. ಮಗು ಒಂದು ಕೈಕೆಲಸ ಮಾಡುತ್ತ ಗಟ್ಟಿಯಾಗಿ ಎಣಿಸಬೇಕು. ಅದೇ ಹೊತ್ತಿಗೆ ನಾವು ಸಣ್ಣ ಸಣ್ಣ ಪ್ರಶ್ನೆ ಕೇಳಬೇಕು: ಇವತ್ತು ಏನು ಉಂಡಿ, ನಿನ್ನ ಗೆಳತಿಯ ಹೆಸರೇನು ಅಂತ. ಎಣಿಕೆಯೂ ತಪ್ಪಬಾರದು, ಉತ್ತರವೂ ಬರಬೇಕು. ಎರಡನ್ನೂ ಸಂಭಾಳಿಸಿದ ಮಗುವಿನ ಬುದ್ಧಿ ಮುಂದಿನ ಇಯತ್ತೆಗೆ ಸಾಕು ಎಂದು ಲೆಕ್ಕ.

ಹೈದರಾಬಾದಿನಿಂದ ಬಣ್ಣದ ಗಾಜಿನ ಗೋಲಿಗಳ ಪೆಟ್ಟಿಗೆ ಕೊಟ್ಟಿದ್ದರು. ಅಂಥ ಗೋಲಿ ಕಂಡ ಮಕ್ಕಳು ಎಣಿಸುವುದನ್ನು ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತ ಕೂತವು. ನಾನು ಜಾಣತನ ಮಾಡಿದೆ. ಗೋಲಿ ಬೇಡ, ಮಕ್ಕಳಿಗೆ ಪರಿಚಯದ ವಸ್ತು ಇರಲಿ, ಜೋಳ ಮತ್ತು ಅಳೆಯುವ ಬಟ್ಟಲು ಇಡೋಣ ಎಂದು ಪತ್ರ ಬರೆದು ಒಪ್ಪಿಗೆ ತರಿಸಿದೆ. ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಬಟ್ಟಲಿನಿಂದ ಜೋಳ ಅಳೆದು ಹಾಕುತ್ತ ಎಣಿಸಬೇಕು. ನಾನು ಈ ನೆಲದವನು, ಇದು ನನಗಲ್ಲದೆ ಇನ್ಯಾರಿಗೆ ಹೊಳೆದೀತು ಎಂದು ಬೀಗಿದೆ.

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಚಪ್ಪಲಿ ಇದ್ದವರು ಹೊರಗೆ ಬಿಟ್ಟರು. ಬುಟ್ಟಿಯ ಮುಂದೆ ಕೂತು ಅಳೆಯತೊಡಗಿದರು. ಮೊದಲ ಅಳತೆಗೆ ಒಂದು ಅನ್ನದೆ 'ಲಾಭ' ಅನ್ನುವುದು ನಮ್ಮ ಕಡೆಯ ರೂಢಿ. ಅದು ನನಗೆ ಗೊತ್ತಿತ್ತು, ಸರಿ ಎಂದೇ ಗುರುತು ಹಾಕಿದೆ, ಬೇರೆ ಯಾರಾದರೂ ಬಂದಿದ್ದರೆ ಇದನ್ನು ತಪ್ಪು ಅನ್ನುತ್ತಿದ್ದರು ಎಂದು ಹೆಮ್ಮೆಯನ್ನೂ ಪಟ್ಟೆ. ಎಣಿಕೆ ಒಬ್ಬರದೂ ತಪ್ಪಲಿಲ್ಲ. ಆದರೆ ನಾನು ಪ್ರಶ್ನೆ ಕೇಳಿದರೆ ಉತ್ತರವೇ ಇಲ್ಲ.

"ದ್ಯಾಮವ್ವಾ, ಇವತ್ತು ಏನ್ ಉಂಡಿಬೇ?"

"...ನಾಲ್ಕು."

"ನಿಮ್ಮ ಆಕಳ ಬಣ್ಣ ಯಾವ್ದು?"

"...ಐದು." ನನ್ನ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. ಹಣೆಯ ಮೇಲೆ ಬೆವರು.

ಹೀಗೇ ಒಬ್ಬರಾದ ಮೇಲೊಬ್ಬರು. ಹಾಳೆಯ ಎರಡನೆಯ ಅಂಕಣದ ಉದ್ದಕ್ಕೂ ನಾನು ಬರೆದದ್ದು ಒಂದೇ: ಉತ್ತರವಿಲ್ಲ. ಖಾಸೀಂ ಮಾಸ್ತರು ಬಾಗಿಲಲ್ಲಿ ನಿಂತು ನನ್ನ ಪೆನ್ಸಿಲು ನೋಡುತ್ತಿದ್ದರು. ನನಗೂ ಸಂಕಟ. ಆದರೆ ಪ್ರಯೋಗ ಅಂದರೆ ಪ್ರಯೋಗ. ಕಾಗದ ಕಟ್ಟಿ ಹೈದರಾಬಾದಿಗೆ ಕಳಿಸಿದೆ. ವಾರ ಎಂಟು ದಿನದಲ್ಲಿ ಪ್ರೊಫೆಸರ್ ಸಾಹೇಬರ ಪತ್ರ ಬಂತು. ಕೆಲಸ ಸ್ವಚ್ಛವಾಗಿದೆ, ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಈ ತಿಂಗಳ ಕೊನೆಗೆ ವರದಿ ಮೇಲಕ್ಕೆ ಹೋಗುತ್ತದೆ, ಈ ಮಕ್ಕಳಿಗೆ ಎರಡನೆಯ ಇಯತ್ತೆ ಸಾಕು. ಮಾಸ್ತರಿಗೆ ಓದಿ ಹೇಳಿದೆ. ಅವರು, "ಬರದದ್ದು ಬರದಾತಲ್ರಿ," ಅಂದು ಗಂಟೆ ಬಾರಿಸಲು ಎದ್ದು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದರ ಮರುದಿನ ಈರವ್ವ ಹೇಳಿ ಕಳಿಸಿದಳು, ಇವತ್ತು ರಾಶಿ ಐತಿ, ಉಣ್ಣಾಕ ಬಾ ಎಂದು. ಹೊತ್ತು ಇಳಿಯುವ ಮುಂಚೆ ಕಣಕ್ಕೆ ಹೋದೆ. ಕಣ ಅನ್ನುವುದನ್ನು ನಾನು ಹತ್ತಿರದಿಂದ ಕಂಡದ್ದು ಅವತ್ತೇ ಮೊದಲು. ಇದನ್ನು ಬಿಡಿಸಿ ಹೇಳಬೇಕು. ನಮ್ಮದು ಹೊಲವಿಲ್ಲದ ಮನೆತನ. ಪರರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಅವರು ಕೊಟ್ಟ ಕಾಳು ಜೋಳಿಗೆಯಲ್ಲಿ ತರುವವರು. ಲಾಭ, ಎರಡು, ಮೂರು ಎಂಬುದನ್ನು ನಾನು ಕೇಳಿದ್ದು ದೂರದ ಬದುವಿನ ಮೇಲೆ ನಿಂತು. ಖಾಸೀಂ ಮಾಸ್ತರೂ ಪೇಟೆಯಿಂದ ಬಂದವರು, ಕಣ ತುಳಿದವರಲ್ಲ.

ಸಗಣಿ ಸಾರಿಸಿದ ನೆಲದ ನಡುವೆ ಬಂಗಾರದ ಗುಡ್ಡದಂತೆ ಜೋಳ. ದ್ಯಾಮವ್ವನ ಅಪ್ಪ ರುಮಾಲು ಸುತ್ತಿಕೊಂಡು, ರಾಶಿಗೆ ಕೈಮುಗಿದು ಅಳೆಯಲು ಕೂತ. "ಲಾಭ," ಅಂದ. "ಎರಡು," ಅಂದ. ನಾನು ಸುಮ್ಮನಿರಲಾರದೆ, "ಈ ಸಲ ಫಸಲು ಛಲೋ ಬಂದೈತಲ್ರಿ?" ಅಂದೆ.

ಕಣವೇ ಗಕ್ಕನೆ ನಿಂತ ಹಾಗಾಯಿತು. ಚೀಲ ಹಿಡಿದವರು, ಹೊಟ್ಟು ಗುಡಿಸುವವರು ಎಲ್ಲರೂ ನನ್ನನ್ನೇ ನೋಡಿದರು. ಅಳೆಯುವವನು ಮಾತ್ರ ತಲೆ ಎತ್ತಲಿಲ್ಲ. "ಮೂರು," ಅಂದ. ಈರವ್ವ ತುಟಿಯ ಮೇಲೆ ಬೆರಳಿಟ್ಟು ಕಣ್ಣು ದೊಡ್ಡದು ಮಾಡಿದಳು. ಆಮೇಲೆ ಚೀಲ ತುಂಬಿ ಬಾಯಿ ಹೊಲಿಯುವವರೆಗೂ ಎಣಿಕೆಯ ದನಿ ಬಿಟ್ಟರೆ ಜೋಳ ಸುರಿಯುವ ಸದ್ದು ಒಂದೇ. ಕೂಸು ಎತ್ತಿಕೊಂಡಿದ್ದ ಹೆಂಗಸು ಅದು ಕುಂಯ್‌ಗುಟ್ಟಿದ್ದಕ್ಕೆ ಬದುವಿನ ಆಚೆ ಹೋಗಿ ನಿಂತಳು.

ನಾನು ಜನರ ನಡುವೆ ದ್ಯಾಮವ್ವನನ್ನು ಹುಡುಕಿದೆ.

ಅಳತೆ ಮುಗಿದ ಮೇಲೆ ದ್ಯಾಮವ್ವನನ್ನು ಕರೆದೆ. "ದ್ಯಾಮವ್ವಾ, ಅವತ್ತು ಸಾಲ್ಯಾಗ ನಾ ಕೇಳಿದ್ದಕ್ಕ ಯಾಕ ಹೇಳಲಿಲ್ಲ?"

ಅವಳು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ರಾಶಿ ಅಳಿಯಾಗ ಮಾತಾಡಬಾರ್ದಲ್ರಿ. ಮಾತಾಡಿದ್ರ ಹುಲಸು ಹೋಗತೈತಿ, ಕಾಳು ಕಡಿಮಿ ಬೀಳತಾವ. ನೀವು ನನ್ನ ಮಾತಾಡ್ಸಿ ಮಾತಾಡ್ಸಿ ಕೆಡಸಾಕ ನೋಡಿದ್ರಿ. ಒಂದು ಸಲಾನೂ ಮಾತಾಡ್ಲಿಲ್ಲ ನಾನು." ಆಮೇಲೆ ಗದ್ದ ಮೇಲೆತ್ತಿ, "ಗೆದ್ದೆ ಹೌದಲ್ರಿ?" ಅಂದಳು.

ಅಷ್ಟೂ ಮಕ್ಕಳು ಗೆದ್ದೆವೆಂದೇ ತಿಳಿದಿದ್ದರು. ಹೊಸ ಸಾಹೇಬ ನಮ್ಮ ಬಾಯಿ ಬಿಡಿಸಲು ನೋಡಿದ, ನಾವು ಬಿಡಲಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಹೊಗಳಿಸಿಕೊಂಡಿದ್ದರಂತೆ. ದೊಡ್ಡವನೊಬ್ಬ ಎದುರು ಕೂತು ಪದೇ ಪದೇ ಕೆಣಕಿದರೂ ಎಣಿಕೆ ತಪ್ಪದೆ, ನಾಲಿಗೆ ಸಡಿಲ ಬಿಡದೆ ಕೂರುವುದು ಸಣ್ಣ ಬುದ್ಧಿಯ ಕೆಲಸವೇ? ಅದಕ್ಕೆ ನಾನು ಬರೆದದ್ದು: ಉತ್ತರವಿಲ್ಲ.

ಉಣ್ಣಲು ನಿಲ್ಲಲಿಲ್ಲ. ಮರುದಿನ ಮುಂಜಾನೆ ಯಲಬುರ್ಗಾ, ಅಲ್ಲಿಂದ ಇದ್ದಲಿ ಬಸ್ಸು ಹತ್ತಿ ಕೊಪ್ಪಳ, ಕೊಪ್ಪಳದಲ್ಲಿ ರೈಲು. ಹೈದರಾಬಾದು ಮುಟ್ಟಿ ಸೀದಾ ಪ್ರೊಫೆಸರ್ ಸಾಹೇಬರ ಮುಂದೆ ನಿಂತೆ. ಆ ವರದಿ ಕಳಿಸಬೇಡಿ, ತಪ್ಪಾಗಿದೆ, ತಪ್ಪು ನನ್ನದು ಅಂದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ.

"ಮಕ್ಕಳೆಲ್ಲ ಪಾಸಾಗಿದ್ದರೆ, ಬೀರಪ್ಪ, ತಪ್ಪಾಗಿದೆ ಅಂತ ಓಡಿ ಬರುತ್ತಿದ್ದಿಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಸಾಹೇಬ್," ಅಂದೆ.

"ಹಾಗಾದರೆ ನಿನ್ನ ಮಾತನ್ನು ನಾನು ಯಾಕೆ ನಂಬಲಿ? ನೀನು ಅವರ ಮನೆಯಲ್ಲಿ ಉಂಡಿದ್ದೀಯ. ಅವರು ನಿನ್ನ ಜನ."

"ನಂಬಬೇಡಿ. ಇನ್ನೊಮ್ಮೆ ಅಳೆದು ನೋಡಿ."

"ನಾನೇ ಬರುತ್ತೇನೆ. ಎರಡನೆಯ ಸಲವೂ ಹಾಗೇ ಬಂದರೆ ಮೊದಲಿನ ವರದಿ ಹೋಗುತ್ತದೆ. ನೀನು ನಿನ್ನ ಪ್ರಬಂಧಕ್ಕೆ ಬೇರೆ ಗುರುವನ್ನು ನೋಡಿಕೋ," ಅಂದರು.

ಎಂ.ಎ. ಹೋದರೆ ಮತ್ತೆ ಯಾವ ಮೆಟ್ಟಿಲು ಹತ್ತಲಿ ಎಂದು ರೈಲಿನುದ್ದಕ್ಕೂ ಯೋಚನೆ. ಪ್ರೊಫೆಸರ್ ಸಾಹೇಬರು ಎದುರು ಕೂತು ಕಾಗದದ ಮೇಲೆ ಹೊಸ ಪ್ರಯೋಗ ಕಟ್ಟುತ್ತಿದ್ದರು. ಅವತ್ತು ಅವರಿಂದ ಕಲಿತದ್ದನ್ನು ಮುಂದೆ ಮೂವತ್ತು ವರ್ಷ ಕಲಿಸಿದೆ. ಅದೇ ಕೆಲಸ, ಅವೇ ಪ್ರಶ್ನೆ, ಅದೇ ಬಟ್ಟಲು. ಬದಲಾಗುವುದು ಒಂದೇ: ಒಮ್ಮೆ ಜೋಳ, ಒಮ್ಮೆ ಹುಣಸೆ ಬೀಜ. ಹುಣಸೆ ಬೀಜಕ್ಕೆ ಯಾವ ನೇಮವೂ ಇಲ್ಲ, ಮಕ್ಕಳು ಆಡಿ ಬಿಸಾಡುವ ವಸ್ತು. ಅರ್ಧ ಮಕ್ಕಳಿಗೆ ಜೋಳ ಮೊದಲು, ಉಳಿದರ್ಧಕ್ಕೆ ಹುಣಸೆ ಬೀಜ ಮೊದಲು, ಎಲ್ಲರದೂ ಒಂದು ಸುತ್ತು ಮುಗಿದ ಮೇಲೆ ಅದಲು ಬದಲು, ಯಾಕೆಂದರೆ ಎರಡನೆಯ ಸಲಕ್ಕೆ ಕೈ ಪಳಗುತ್ತದೆ. ಈ ಊರಿನ ಮಕ್ಕಳು ಆಗಲೇ ಒಮ್ಮೆ ಮಾಡಿದ್ದಾರೆ, ಆದ್ದರಿಂದ ಮಗ್ಗುಲ ಊರಿನಲ್ಲೂ ಮಾಡಬೇಕು. ಪ್ರಶ್ನೆ ಕೇಳುವವರು ನಮ್ಮ ಊಹೆ ಏನು ಎಂದು ಗೊತ್ತಿಲ್ಲದವರು ಇರಬೇಕು. ಅದಕ್ಕೆ ಯಲಬುರ್ಗಾದಿಂದ ಬೇರೆ ಒಬ್ಬ ಮಾಸ್ತರನ್ನು ಕರೆತಂದರು. ನನಗೆ, "ನಿನ್ನ ಮುಖ ಮಕ್ಕಳಿಗೆ ಕಾಣಬಾರದು. ಹೊರಗೆ ಕೂತಿರು," ಅಂದರು.

ಸಾಲಿಯ ಹಿಂದಿನ ಬೇವಿನ ಗಿಡದ ಕೆಳಗೆ ಕೂತೆ. ಖಾಸೀಂ ಮಾಸ್ತರನ್ನೂ ಹೊರಗೆ ಹಾಕಿದ್ದರು. ಗೋಡೆಯ ಆಚೆ ಏನಾಗುತ್ತಿದೆ ಎಂದು ಕಿವಿಗೊಟ್ಟು ಕೂತೆವು. ಮೊದಲ ಮಗು. ಪ್ರಶ್ನೆ ಕಿವಿಗೆ ಬಿತ್ತು. ಎಣಿಕೆ ಕಿವಿಗೆ ಬಿತ್ತು. ಉತ್ತರವಿಲ್ಲ. ಎರಡನೆಯ ಮಗುವೂ ಹಾಗೇ. ಖಾಸೀಂ ಮಾಸ್ತರು ಕಡ್ಡಿಯಿಂದ ನೆಲ ಕೆರೆಯುತ್ತಿದ್ದರು. ಮೂರನೆಯದು ದ್ಯಾಮವ್ವನ ದನಿ.

"ಒಂದು. ಎರಡು."

"ಇವತ್ತು ಏನ್ ಉಂಡಿ?" ಹೊಸ ಮಾಸ್ತರ ದನಿ.

"ರೊಟ್ಟಿ, ಝುಣಕಾ ಉಂಡೀನ್ರಿ. ಮೂರು. ಖಾರ ಭಾಳ ಆಗಿತ್ರಿ. ನಾಲ್ಕು."

"ನಿಮ್ಮ ಆಕಳ ಬಣ್ಣ?"

"ಕಂದು. ಐದು. ನಿಮ್ಮ ಮನ್ಯಾಗ ಆಕಳಾ ಐತೇನ್ರಿ? ಆರು."

ಖಾಸೀಂ ಮಾಸ್ತರು ಕಡ್ಡಿ ಮುರಿದು ಬಿಸುಟು ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. ಆ ದಿನವೆಲ್ಲ ಹಾಗೇ ಆಯಿತು. ಜೋಳ ಇಟ್ಟರೆ ಮೌನ, ಹುಣಸೆ ಬೀಜ ಇಟ್ಟರೆ ಸಂತೆ. ಬೀಜ ಮೊದಲು ಬಂದ ಮಕ್ಕಳು ಒಂದು ಘಳಿಗೆ ಹಿಂದೆ ವಟವಟ ಅಂದವರು ಜೋಳದ ಬುಟ್ಟಿ ಕಂಡದ್ದೇ ಬಾಯಿಗೆ ಬೀಗ ಹಾಕಿದರು. ಮಗ್ಗುಲ ಊರಿನಲ್ಲೂ ಅದೇ. ಎಲ್ಲರೂ ಜಾಣರು ಅಂತ ಬರಲಿಲ್ಲ, ಅದನ್ನೂ ಹೇಳಬೇಕು. ಬೀಜದಲ್ಲೂ ಎಡವಿದ ಮಕ್ಕಳಿದ್ದರು. ಯಾವ ಊರಿನಲ್ಲಿ ಇಲ್ಲ? ಆದರೆ ಇಡೀ ಊರಿಗೆ ಬುದ್ಧಿ ಕಡಿಮೆ ಎಂಬ ಮಾತು ಅಲ್ಲಿಗೆ ಸತ್ತಿತು.

ಪ್ರೊಫೆಸರ್ ಸಾಹೇಬರು ಸಂಜೆ ಈರವ್ವನ ಅಂಗಳದಲ್ಲಿ ಕಂಬಳಿಯ ಮೇಲೆ ಕೂತಿದ್ದರು. ಅವತ್ತು ಮೊದಲ ಸಲ ಅವರ ಶೇರ್ವಾನಿಯ ಮೇಲಿನ ಗುಂಡಿ ಬಿಚ್ಚಿದ್ದು ಕಂಡೆ. "ನೀನು ಮುದುಕಿಯ ಮನೆಯಲ್ಲಿ ಕೂತಿರದಿದ್ದರೆ ಈ ಪ್ರಯೋಗದ ತಪ್ಪು ತಿಳಿಯುತ್ತಿರಲಿಲ್ಲ. ಪ್ರಯೋಗ ಮಾಡಿರದಿದ್ದರೆ ನಿನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ," ಅಂದರು. ಈರವ್ವನಿಗೆ ಉರ್ದು ಬರುತ್ತಿರಲಿಲ್ಲ. "ಏನಂತಾನ ನಿಮ್ಮ ಸಾಹೇಬ? ರೊಟ್ಟಿ ದಪ್ಪ ಆದ್ವಂತೇನು?" ಎಂದು ನನ್ನನ್ನು ಕೇಳಿದಳು.

ವರದಿ ಬರೆಯುವಾಗ ಅವರು ಮೊದಲಿನ ಪ್ರಯೋಗವನ್ನು ಬಿಟ್ಟುಬಿಡೋಣವೇ ಅಂದರು. ನಿನ್ನ ಹೆಸರಿಗೆ ಕೆಡುಕು, ಇನ್ನೂ ಸಣ್ಣವನು ಎಂದರು. ನಾನು ಬೇಡ ಅಂದೆ. ಗೋಲಿ ತೆಗೆದು ಜೋಳ ಇಟ್ಟವನು ನಾನು, ಈ ನೆಲದ ಹುಡುಗನೆಂದು ಯಾರನ್ನೂ ಕೇಳದೆ ಇಟ್ಟವನು ನಾನು, ಅದನ್ನೂ ಹಾಕಿ ಎಂದೆ. ಮುಂಗಾರು ಕಳೆಯುವ ಹೊತ್ತಿಗೆ ಆ ಊರಿಗೆ ಮೂರನ್ನೂ ನಾಲ್ಕನ್ನೂ ಕೊಟ್ಟು ಹುಕುಂ ಬಂತು. ಖಾಸೀಂ ಮಾಸ್ತರು ಆ ಸುದ್ದಿಯನ್ನು ನನಗೆ ಮೂರು ಪತ್ರಗಳಲ್ಲಿ ಮೂರು ಸಲ ಬರೆದರು. ದ್ಯಾಮವ್ವ ನಾಲ್ಕನೆಯದನ್ನು ಮುಗಿಸಿದಳು. ಅಷ್ಟರ ಮುಂದೆ ಓದುವ ಹಾದಿ ಅವಳಿಗೆ ಆಗ ಇರಲಿಲ್ಲ. ಆ ಊರಿನಿಂದ ಆಮೇಲೆ ಬಂದ ಮಾಸ್ತರುಗಳಲ್ಲಿ ಇಬ್ಬರು ನನ್ನ ಶಿಷ್ಯರು.

ಅಚ್ಚಾದ ವರದಿಯ ಒಂದು ಪ್ರತಿ ನನಗೂ ಬಂತು. ಉರ್ದು ಅಕ್ಷರಗಳಲ್ಲಿ, ಒಂದು ಪುಟದ ನಡುವೆ, ನನ್ನ ಹೆಸರು ಮೊದಲ ಸಲ ಅಚ್ಚಿನಲ್ಲಿ. ಊರಿಗೆ ಒಯ್ದೆ. ಅಪ್ಪ ಹಟ್ಟಿಯಲ್ಲಿ ಕುರಿ ಉಣ್ಣೆ ಕತ್ತರಿಸುತ್ತಿದ್ದ. ಕತ್ತರಿ ಕೆಳಗಿಟ್ಟು, "ನಿನ್ನ ಹೆಸರು ಯಾವ್ದು, ತೋರ್ಸು," ಅಂದ. ತೋರಿಸಿದೆ. ಬೆರಳಿಟ್ಟು ಸವರಿದ. "ಏನಂತ ಬರದಾರ?"

"ತಪ್ಪು ಮಾಡಿದೆ ಅಂತ ಬರದಾರಪ್ಪ."

"ಆಮ್ಯಾಲ?"

"ಆ ತಪ್ಪು ನಾನ ಹಿಡಿದು, ಬಂದು ಹೇಳಿದೆ ಅಂತ."

ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿ, ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡ. ಅವತ್ತು ಕುಷ್ಟಗಿಯ ಸಂತೆ. ಉಣ್ಣೆಯ ವ್ಯಾಪಾರಿಗಳಿಗೆ, ಎಲೆ ಮಾರುವವಳಿಗೆ, ಕಂಡ ಕಂಡವರಿಗೆ ಆ ಪುಟ ತೆರೆದು ಹಿಡಿದು ಹೇಳುತ್ತ ಹೋದ: "ನನ್ನ ಮಗ ತಪ್ಪ್ಯಾನ! ತಪ್ಪಿದ್ದು ತಾನ ಹಿಡಿದಾನ! ಸರಕಾರ ಅಚ್ಚು ಹಾಕೈತಿ, ನೋಡ್ರಿ!"

ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ. ನಾನು ಹಿಂದೆಯೇ ಇದ್ದೆ. ತಡೆಯಲಿಲ್ಲ.